ಮಂಗಳೂರು ಹಂಚಿನ ಚರಿತ್ರೆಯನ್ನು ಕಂಪ್ಯೂಟರಿಗೆ ಹತ್ತಿಸಿದ್ದು

'ನಮ್ಮ ಮನೆಯ ಹಂಚು 1865ರದ್ದು' ಅಂತ ಹೇಳುವವರು ನಮ್ಮೂರಲ್ಲಿ ಬಹಳ ಜನ. ಹಂಚು ತಿರುಗಿಸಿ ತೋರಿಸುತ್ತಾರೆ ಕೂಡ. ಅಡಿಯಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ ಹೆಸರು, ಪಕ್ಕದಲ್ಲಿ 1865. ಆದರೆ ಅದು ಆ ಹಂಚು ಸುಟ್ಟ ವರ್ಷ ಅಲ್ಲ. ಮಿಷನ್ನಿನವರಾದ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್‌ನ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ಕಾಲ ಅಚ್ಚಿನಲ್ಲಿ ಅದೇ ಇಸವಿ ಉಳಿಯಿತು. ಒಂದೇ ಇಸವಿಯ ಮುದ್ರೆ ಇರುವ ಎರಡು ಹಂಚುಗಳ ನಡುವೆ ಹಲವು ದಶಕಗಳ ಅಂತರ ಇರಬಹುದು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಬ್ರಿಟಿಷರ ಕಾಲದ ದಕ್ಷಿಣ ಕನ್ನಡದ ಹಂಚಿನ ಕಾರ್ಖಾನೆಗಳು ಎಲ್ಲಿದ್ದವು, ಯಾವಾಗ ಇದ್ದವು ಎಂಬುದನ್ನು ಒಂದು ಡೇಟಾಬೇಸಿನಲ್ಲಿ ತಂದು ನಕ್ಷೆಯ ಮೇಲೆ ಕೂರಿಸಬೇಕು ಅಂತ ಸಂಶೋಧನೆಗೆ ಇಳಿದೆ. ಹೇಗೆ ಮಾಡಿದೆ ಅಂತ ಕೇಳುವ ವಿದ್ಯಾರ್ಥಿಗಳು ಈಗ ಜಾಸ್ತಿ. ಅವರು ಮೊದಲು ಕೇಳುವುದು 'ಯಾವ ಸಾಫ್ಟ್‌ವೇರ್ ಸರ್?' ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲ ಪ್ರಶ್ನೆ, ಕಾಗದ ಎಲ್ಲಿದೆ? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದರೆ ಉತ್ತರ ಮತ್ತು ದಕ್ಷಿಣ ಕನ್ನಡ ಸೇರಿದ ಜಿಲ್ಲೆ, ಕಂಪನಿ ಸರ್ಕಾರದ ಕೈಗೆ ಬಂತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು. ನಾವು 1956ರ ತನಕ ಮದ್ರಾಸಿನಲ್ಲೇ ಉಳಿದೆವು. ಹಾಗಾಗಿ ಮಂಗಳೂರಿನ ಚರಿತ್ರೆ ಓದಬೇಕಾದರೆ ಬೆಂಗಳೂರಿಗೆ ಹೋಗಿ ಪ್ರಯೋಜನ ಕಡಿಮೆ, ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲೆಗಳ ಭಂಡಾರಕ್ಕೆ ರೈಲು ಹತ್ತಬೇಕು. ಮಿಷನ್‌ನ ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಲ್ಲಿನವರು ಫೋಟೋ, ನಕ್ಷೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಪುಣ್ಯ. ಊರಲ್ಲೇ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್ ಇದೆ. ಮಂಗಳೂರಿನ ವಿದ್ಯಾರ್ಥಿಗಳು ಶುರು ಮಾಡಬೇಕಾದದ್ದು ಅಲ್ಲಿಂದಲೇ. ಸ್ಟರಕ್‌ನ ಜಿಲ್ಲಾ ಮ್ಯಾನ್ಯುಯಲ್ (1894) ಸ್ಕ್ಯಾನ್ ಆಗಿ ಸಿಗುತ್ತದೆ, ಬೇಗ ಓದಿ ಮುಗಿಸಬಹುದು.

ಓದುವುದು ಇನ್ನೊಂದು ತಲೆನೋವು. ಮುದ್ರಿತ ಇಂಗ್ಲಿಷ್ ವರದಿಗಳನ್ನು ಯಾವ ಒಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವ ತಂತ್ರಾಂಶ) ಆದರೂ ಓದುತ್ತದೆ. ಹಳೆಯ ಜರ್ಮನ್ ಅಕ್ಷರಶೈಲಿಯಾದ ಫ್ರಾಕ್ಟೂರ್ ಅಚ್ಚಿಗೆ ಉಚಿತ ಒಸಿಆರ್ ಆದ ಟೆಸರಾಕ್ಟ್‌ನಲ್ಲಿ ಬೇರೆ ಮಾದರಿ ಹಾಕಿಕೊಳ್ಳಬೇಕು. ಪಾದ್ರಿಗಳ ಕೈಬರಹ ಇರುವುದು ಕುರೆಂಟ್ ಎಂಬ ಲಿಪಿಯಲ್ಲಿ. ಈಗಿನ ಜರ್ಮನರಲ್ಲೂ ಅದನ್ನು ಓದಬಲ್ಲವರು ಕಡಿಮೆ. ಅದಕ್ಕೆ ಹಳೆಯ ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಬಳಸಿದೆ. ಅದು ಸಾಲು ಸಾಲಾಗಿ ಓದಿ ಕೊಡುತ್ತದೆ. ಆದರೆ ಊರಿನ ಹೆಸರು, ಮನುಷ್ಯರ ಹೆಸರು ಬಂದಲ್ಲಿ ತನಗೆ ಗೊತ್ತಿರುವ ಯಾವುದೋ ಜರ್ಮನ್ ಪದ ತುಂಬಿ ಮುಂದೆ ಹೋಗುತ್ತದೆ. ನಮಗೆ ಬೇಕಾದ್ದೇ ಆ ಹೆಸರುಗಳು, ಅಲ್ವಾ? ಹೆಸರು ಮತ್ತು ಅಂಕಿ ಬಂದ ಪ್ರತಿ ಸಾಲನ್ನೂ ಚಿತ್ರದ ಜೊತೆ ಇಟ್ಟು ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ. 1843ರ 'ಮಂಗಳೂರು ಸಮಾಚಾರ'ವನ್ನೂ ಸುಮ್ನೆ ಕುತೂಹಲಕ್ಕೆ ಕನ್ನಡ ಒಸಿಆರ್‌ಗೆ ಕೊಟ್ಟು ನೋಡಿದೆ. ಅದು ಕಲ್ಲಚ್ಚಿನ ಪತ್ರಿಕೆ. ಅಂದರೆ ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು. ಮೊಳೆ ಅಚ್ಚು ಕಲಿತ ಯಂತ್ರಕ್ಕೆ ಅದು ತಲೆಬುಡ ತಿಳಿಯಲಿಲ್ಲ.

ಇನ್ನು ಸ್ಪ್ರೆಡ್‌ಶೀಟ್. ನನ್ನ ಕೆಲಸದ ಜೀವ ಇದ್ದದ್ದು ಇಲ್ಲಿ.

ಹಳೆಯ ಲೆಕ್ಕಗಳೆಲ್ಲ ರೂಪಾಯಿ-ಆಣೆ-ಪೈಯಲ್ಲಿ ಇರುತ್ತವೆ. ಎರಡು ರೂಪಾಯಿ ಎಂಟಾಣೆ ಆರು ಪೈ ಎಂಬುದನ್ನು ಪುಸ್ತಕದಲ್ಲಿ ಇದ್ದ ಹಾಗೆ '2-8-6' ಅಂತ ಎಕ್ಸೆಲ್‌ನಲ್ಲಿ ಬರೆದರೆ ಅದನ್ನು ದಿನ-ತಿಂಗಳು-ವರ್ಷ ಅಂತ ಓದಿಕೊಂಡು 2006ರ ಆಗಸ್ಟ್ 2 ಆಗಿ ಕೂರಿಸುತ್ತದೆ! ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಅಂತ ಗುರುತು ಮಾಡಬೇಕು. ನಾನು ಮೂರು ಅಂಕಿಗೂ ಬೇರೆ ಬೇರೆ ಕಾಲಂ ಮಾಡಿ, ನಾಲ್ಕನೆಯದರಲ್ಲಿ ಎಲ್ಲವನ್ನೂ ಪೈಗೆ ಇಳಿಸಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192. ಮೇಲಿನ ಲೆಕ್ಕ 486 ಪೈ ಆಗುತ್ತದೆ. ಪೈಯಲ್ಲಿ ಇದ್ದರೆ ಕೂಡುವುದು, ಹೋಲಿಸುವುದು ಸಲೀಸು, ದಶಮಾಂಶದ ಕಿರಿಕಿರಿಯೂ ಇಲ್ಲ.

ದಿನಾಂಕದ್ದು ಇದಕ್ಕಿಂತ ದೊಡ್ಡ ರಾಮಾಯಣ. ಎಕ್ಸೆಲ್‌ಗೆ 1900ಕ್ಕಿಂತ ಹಿಂದೆ ದಿನಾಂಕವೇ ಇಲ್ಲ. 1865 ಜನವರಿ ಅಂದರೆ ಅದಕ್ಕೆ ಬರೀ ಅಕ್ಷರ. ಅದೂ ಅಲ್ಲದೆ ನಮಗೆ ಸಿಗುವ ದಿನಾಂಕಗಳು ಎಲ್ಲಿ ಅಷ್ಟು ಖಚಿತ? ವರದಿಯಲ್ಲಿ 'ಕೆಲವು ವರ್ಷಗಳ ಹಿಂದೆ' ಅಂತ ಇರುತ್ತದೆ. ಹಿರಿಯ ಕೆಲಸಗಾರರು 'ಎಪ್ಪತ್ನಾಲ್ಕರ ನೆರೆಗಿಂತ ಮುಂಚೆ' ಅನ್ನುತ್ತಾರೆ. ನೇತ್ರಾವತಿ ದಡದವರಿಗೆ 1923ರ ನೆರೆ, 1974ರ ನೆರೆ ಎರಡೂ ಕ್ಯಾಲೆಂಡರ್ ಇದ್ದ ಹಾಗೆ. ಇಂಥವನ್ನು ಬರೆದಿಡಲು ಒಂದು ಪದ್ಧತಿ ಇದೆ, 2019ರಿಂದ ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ ಎರಡನೇ ಭಾಗದಲ್ಲೇ ಸೇರಿದೆ. 'ಸುಮಾರು 1890', '1880ರ ದಶಕದ ಯಾವುದೋ ವರ್ಷ', '1974ರ ತನಕ' ಎಲ್ಲಕ್ಕೂ ಅದರಲ್ಲಿ ಗುರುತು ಉಂಟು. ಅದನ್ನು ಟೆಕ್ಸ್ಟ್ ಆಗಿ ಇಟ್ಟು, ಪಕ್ಕದಲ್ಲಿ 'ಇದಕ್ಕಿಂತ ಮುಂಚೆ ಅಲ್ಲ', 'ಇದರ ನಂತರ ಅಲ್ಲ' ಎಂಬ ಎರಡು ಇಸವಿ ಬರೆದೆ. ಕಂಪ್ಯೂಟರಿಗೆ ಹುಡುಕಲು ಆ ಎರಡು ಸಾಕು.

ಹಂಚಿನ ಕಾಲ ನಿರ್ಣಯಕ್ಕೂ ಇದೇ ಉಪಾಯ. ಬಾಸೆಲ್ ಮಿಷನ್ ಮುದ್ರೆಗೆ 1865 'ಇದಕ್ಕಿಂತ ಮುಂಚೆ ಅಲ್ಲ', ಅಷ್ಟೇ. ಮೊದಲ ಮಹಾಯುದ್ಧ ಬಂದಾಗ ಮಿಷನ್‌ನ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ಶತ್ರು ಆಸ್ತಿ ಅಂತ ವಶ ಮಾಡಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಹಾಗಾದರೆ ಕಾಮನ್‌ವೆಲ್ತ್ ಹೆಸರಿನ ಹಂಚು ಯುದ್ಧಕ್ಕಿಂತ ಹಿಂದಿನದು ಆಗಲು ಸಾಧ್ಯವೇ ಇಲ್ಲ, ಅದರ ಮೇಲೆ ಯಾವ ಇಸವಿ ಇದ್ದರೂ. ಮಿಷನ್‌ಗೆ ಜೆಪ್ಪು ಮಾತ್ರ ಅಲ್ಲ, ಕುದ್ರೋಳಿ, ಮಲ್ಪೆ, ಕೇರಳದ ಕಡೆ ಫೆರೋಕ್‌ನಲ್ಲೂ ಕಾರ್ಖಾನೆ ಇತ್ತು. ಆದ್ದರಿಂದ ಮುದ್ರೆಯಲ್ಲಿ ಊರಿನ ಹೆಸರು ಇದ್ದರೆ ಅದಕ್ಕೂ ಒಂದು ಕಾಲಂ.

ಇಷ್ಟೆಲ್ಲ ಕಾಲಂ ಯಾಕೆ ಅಂದರೆ, ದಾಖಲೆ ಏನು ಹೇಳುತ್ತದೆ ಎಂಬುದು ಒಂದು, ಅದರಿಂದ ನಾನು ಏನು ಅರ್ಥ ಮಾಡಿಕೊಂಡೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಚೌಕದಲ್ಲಿ ಬರೆದರೆ ಆರು ತಿಂಗಳ ಮೇಲೆ ಬೇರೆ ಮಾಡಲು ಬ್ರಹ್ಮನಿಂದಲೂ ಆಗದು. ಊರಿನ ಹೆಸರೂ ಹಾಗೆಯೇ. ಕಂಪನಿ ಸರ್ಕಾರದ ಪರವಾಗಿ ಸರ್ವೆಗೆ ಬಂದ ಬುಕಾನನ್ 1801ರಲ್ಲಿ ಇಲ್ಲಿ ತಿರುಗಿದಾಗ ಕಾರ್ಕಳವನ್ನು 'ಕಾರ್ಕುಲ್ಲ' ಎಂದು ಬರೆದ. ನಂತರದ ಕಡತಗಳಲ್ಲಿ ಉಡುಪಿ 'ಉಡಿಪಿ' ಆಗುತ್ತದೆ. ಅದನ್ನು ತಿದ್ದಬಾರದು. ಇದ್ದದ್ದು ಇದ್ದ ಹಾಗೆ ಒಂದು ಕಡೆ, ಇಂದಿನ ಹೆಸರು ಇನ್ನೊಂದು ಕಡೆ. ಒಂದೇ ಊರಿನ ಬೇರೆ ಬೇರೆ ಸ್ಪೆಲ್ಲಿಂಗ್‌ಗಳನ್ನು ಗುಂಪು ಮಾಡಿ ತೋರಿಸಲು ಓಪನ್‌ರಿಫೈನ್ ಚೆನ್ನಾಗಿದೆ. ಆದರೆ 'ಸೇರಿಸು' ಗುಂಡಿ ಒತ್ತುವ ಮೊದಲು ಕಣ್ಣಾಡಿಸಿ. ಮಂಗಳೂರಿನ ಬೇರೆ ಬೇರೆ ಜಾಗಗಳಾದ ಬೋಳೂರು, ಬೋಳಾರ ಎರಡೂ ಒಂದೇ ಅಂತ ಅದಕ್ಕೆ ಅನ್ನಿಸಿದರೆ ಅದರ ತಪ್ಪಲ್ಲ, ಅದು ಮಂಗಳೂರಿನಲ್ಲಿ ಹುಟ್ಟಿದ್ದಲ್ಲ.

ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಹಿಡಿದೆ. ಉಚಿತ, ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಹತ್ತೊಂಬತ್ತನೇ ಶತಮಾನದ ಸರ್ವೆ ಆಫ್ ಇಂಡಿಯಾ ನಕ್ಷೆಗಳ ರೇಖಾಂಶ ಮದ್ರಾಸ್ ವೀಕ್ಷಣಾಲಯವನ್ನು ಆಧಾರ ಮಾಡಿಕೊಂಡದ್ದು. ಆ ವೀಕ್ಷಣಾಲಯದ ಜಾಗವನ್ನೇ ಆಗ ಸ್ವಲ್ಪ ಪೂರ್ವಕ್ಕೆ ಹಿಡಿದಿದ್ದರು. ರೇಖಾಂಶದಿಂದ ಸುಮಾರು 2 ಮಿನಿಟು 27 ಸೆಕೆಂಡಿನಷ್ಟು (ಇವು ಡಿಗ್ರಿಯ ಭಾಗಗಳು, ಸಮಯವಲ್ಲ) ಕಳೆಯಬೇಕು. ಅನೇಕ ಹಾಳೆಗಳ ಅಂಚಿನಲ್ಲೇ ಸಣ್ಣ ಅಕ್ಷರದಲ್ಲಿ ಇದನ್ನು ಅಚ್ಚು ಹಾಕಿದ್ದಾರೆ, ಯಾರೂ ಓದುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಜಾಸ್ತಿ. ನಕ್ಷೆಯಲ್ಲಿ ಅಚ್ಚಾದ ರೇಖೆಗಳನ್ನು ನಂಬಿ ಹಾಗೇ ಕೂರಿಸಿದರೆ ಊರ ನಡುವಿನ ಹಂಪನಕಟ್ಟೆ ಹೋಗಿ ಪೂರ್ವದ ಪಡೀಲಿನ ಹತ್ತಿರ ನಿಲ್ಲುತ್ತದೆ.

ಅದಕ್ಕೆ ಕದಲದ ಗುರುತುಗಳನ್ನು ಹಿಡಿದು ಕೂರಿಸಬೇಕು. ಸುಲ್ತಾನ್ ಬತ್ತೇರಿ, ಕದ್ರಿ ದೇವಸ್ಥಾನ, ಮಂಗಳಾದೇವಿ, 1862ರ ಬಲ್ಮಠ ಚರ್ಚು, ಇಂಥವು. ಹೊಳೆಯ ದಡವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ. ನೇತ್ರಾವತಿ, ಗುರುಪುರ ಎರಡೂ ಸೇರುವ ಅಳಿವೆ, ಬೆಂಗ್ರೆಯ ಮರಳ ದಂಡೆ ಕಾಲಕಾಲಕ್ಕೆ ಆಕಾರ ಬದಲಿಸುತ್ತಲೇ ಬಂದಿವೆ. ಇಸವಿ ಇಲ್ಲದ ನಕ್ಷೆ ಸಿಕ್ಕರೆ ರೈಲು ಹಳಿ ಹುಡುಕಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ.

ಕಾರ್ಖಾನೆಗಳನ್ನು ಹೀಗೆ ಕೂರಿಸಿದ ಮೇಲೆ ಅವು ಹೊಳೆ ಬದಿಗೆ ಸಾಲಾಗಿ ನಿಂತವು. ಇದು ಊರಿನವರಿಗೆ ಹೊಸ ಸುದ್ದಿಯೇನಲ್ಲ. ಆವೆ ಮಣ್ಣು ದೋಣಿಯಲ್ಲಿ ಬರಬೇಕು, ಸೌದೆ ಮೇಲಿನಿಂದ ಇಳಿಯಬೇಕು, ಸುಟ್ಟ ಹಂಚು ಬಂದರಿಗೆ ಹೋಗಿ ಮಂಜಿ (ಸರಕಿನ ಹಾಯಿ ಹಡಗು) ಹತ್ತಬೇಕು. ಆದರೆ ಯಾವ ಕಾರ್ಖಾನೆ ಯಾವ ದಕ್ಕೆಗೆ (ದೋಣಿ ಕಟ್ಟುವ ಕಟ್ಟೆಗೆ) ಹತ್ತಿರ, ಯಾವುದು ರೈಲು ಬಂದ ಮೇಲೆ ಶುರುವಾಯಿತು ಎಂಬುದನ್ನು ಅಳೆದು ಕೇಳಲು ಆಗುವುದು ನಕ್ಷೆ ಇದ್ದಾಗ ಮಾತ್ರ.

ಹಂಚಿನ ಫೋಟೋಗಳನ್ನು ಜನರಿಂದಲೂ ತರಿಸಿಕೊಂಡೆ. ಮುದ್ರೆ ಸವೆದಿದ್ದರೆ ಕತ್ತಲೆ ಕೋಣೆಯಲ್ಲಿ ಇಟ್ಟು ಮೊಬೈಲ್ ಟಾರ್ಚನ್ನು ಪಕ್ಕದಿಂದ, ಹಂಚಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ತೆಗೆದ ಜಾಗದ ವಿವರ ಅಳಿಸಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಜಾಗ ಗೊತ್ತಾದರೂ ಅದು ಹಂಚು ಸಿಕ್ಕಿದ ಜಾಗ ಮಾತ್ರ. ಹಳೆ ಮನೆ ಕೆಡವಿದ ಹಂಚು ಮಾರಾಟವಾಗಿ ಬೇರೆ ಊರಿನ ಕೊಟ್ಟಿಗೆ ಏರುವುದು ನಮ್ಮಲ್ಲಿ ಮಾಮೂಲು. 'ಈ ಮಾಡಿಗೆ ಮೊದಲಿನಿಂದ ಇದೇ ಹಂಚಾ?' ಅಂತ ಮನೆಯವರನ್ನು ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಅನೇಕರು ಹೇಳಿದ್ದು ತುಳುವಿನಲ್ಲಿ. ಧ್ವನಿ ರೆಕಾರ್ಡನ್ನೂ ಒಪ್ಪಿಗೆ ಪಡೆದು ಇಟ್ಟಿದ್ದೇನೆ.

ಈಗ ಎಲ್ಲವೂ ನಕ್ಷೆ, ಕೋಷ್ಟಕ ಎರಡನ್ನೂ ಒಟ್ಟಿಗೆ ಇಡುವ ಒಂದು ಜಿಯೋಪ್ಯಾಕೇಜ್ ಫೈಲಿನಲ್ಲಿದೆ. ಜೊತೆಗೆ ಅದೇ ಕೋಷ್ಟಕಗಳ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಪ್ರತಿ. ಸಾಫ್ಟ್‌ವೇರ್ ಬದಲಾದರೂ ಸಿಎಸ್‌ವಿಯನ್ನು ಯಾರಾದರೂ ತೆರೆಯಬಹುದು. ಪ್ರತಿ ಕಾಲಂ ಏನು, ಯಾವುದು ದಾಖಲೆಯ ಮಾತು, ಯಾವುದು ನನ್ನ ಊಹೆ ಎಂದು ವಿವರಿಸುವ ಕನ್ನಡದ ಸಾದಾ ಟೆಕ್ಸ್ಟ್ ಫೈಲೊಂದು ಅದರೊಳಗೇ ಇದೆ. ಈ ವರ್ಷದ ವಿದ್ಯಾರ್ಥಿಗಳು ಅದನ್ನು ಹಿಡಿದುಕೊಂಡು ಮಲ್ಪೆ ಕಡೆಯ ಮನೆಗಳಿಗೆ ಹೋಗಲು ಶುರು ಮಾಡಿದ್ದಾರೆ.