ತೋಟದಲ್ಲಿ ಡಿಕ್ಕಿಯಾದ ಸಿಗ್ನಲ್ ಬಿಡಿಸಿದ್ದು

ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆದು ರೇಡಿಯೊದಲ್ಲಿ ಕಳಿಸುವ 26 ನೋಡ್‌ಗಳಿವೆ, ಅಂದರೆ ಪುಟ್ಟ ಡಬ್ಬಿಗಳು. ಎಲ್ಲವೂ 866 ಮೆಗಾಹರ್ಟ್ಸ್‌ನ ಎಫ್‌ಎಸ್‌ಕೆ, ಅಂದರೆ ಫ್ರೀಕ್ವೆನ್ಸಿಯನ್ನು ಅತ್ತಿತ್ತ ಜರುಗಿಸಿ 0, 1 ಹೇಳುವ ಬಗೆ. ಹತ್ತು ನಿಮಿಷಕ್ಕೊಮ್ಮೆ ಎಲ್ಲವೂ ಒಟ್ಟಿಗೇ ಏಳುವ ಹಾಗೆ ಪ್ರೋಗ್ರಾಂ ಬರೆದ ಜಾಣ ನಾನೇ. ಒಂದರ ಮೇಲೆ ಇನ್ನೊಂದು ಬಿದ್ದು ಸಿಗ್ನಲ್ ಕಲಸಿಹೋಗುತ್ತದೆ. ಮಳೆಗೆ ಹೆದರಿ ಡಬ್ಬಿಗಳಿಗೆಲ್ಲ ಎಂ-ಸೀಲ್ ಮೆತ್ತಿದವನೂ ನಾನೇ. ಇನ್ನು ಬಿಚ್ಚಿ ಪ್ರೋಗ್ರಾಂ ತಿದ್ದುವ ಹಾಗಿಲ್ಲ.

"ತಮಾ, ಹೊಸದು ತಂದು ಹಾಕು, ಎಂತಕ್ಕೆ ಈ ರಗಳೆ?" ಅಂದರು ಭಾವ. ಹೊಸದಕ್ಕೆ ನಲವತ್ತು ಸಾವಿರದ ಮೇಲಾಗುತ್ತಿತ್ತು. ಎರಡು ಆಂಟೆನಾ ಇಟ್ಟು, ಕಲಸಿದ್ದನ್ನು ಆಮೇಲೆ ಬಿಡಿಸುತ್ತೇನೆ ಅಂದೆ. ನಕ್ಕರು. ಚಾನಲ್, ಅಂದರೆ ನೋಡ್‌ನಿಂದ ಆಂಟೆನಾಗೆ ಬರುವ ದಾರಿಯಲ್ಲಿ ಸಿಗ್ನಲ್ ಎಷ್ಟು ಬದಲಾಗುತ್ತದೆ ಅನ್ನೋದನ್ನು, ಅಳೆದಿಟ್ಟುಕೊಳ್ಳೋಣ ಅಂದರೆ, ಸೋಗೆ ಒದ್ದೆಯಾದರೆ ಅದೂ ಬದಲಾಗುತ್ತದೆ. ಅದು ಗೊತ್ತಿಲ್ಲದೆ, ಕುರುಡಾಗಿಯೇ ಬಿಡಿಸಬೇಕು.

ಆಂಟೆನಾಗೊಂದರಂತೆ ಎರಡು ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ಅಗ್ಗದ ರೇಡಿಯೊ ರಿಸೀವರ್). ಎರಡೂ ಒಂದೇ ತಾಳಕ್ಕೆ ನಡೆಯಲಿ ಅಂತ ಒಂದೇ 28.8 ಮೆಗಾಹರ್ಟ್ಸ್ ಕ್ಲಾಕ್ ಕೊಡಲು ಹೋಗಿ ಒಂದನ್ನು ಸುಟ್ಟೆ. ಮೂರು ಸಾವಿರ ಹೊಗೆ. ಕ್ಲಾಕ್ ಕೂಡಿದರೂ ಯುಎಸ್‌ಬಿಯಲ್ಲಿ ಎರಡೂ ಒಂದೇ ಕ್ಷಣಕ್ಕೆ ಶುರುವಾಗುವುದಿಲ್ಲ. ಎರಡಕ್ಕೂ ಒಂದೇ ನಾಯ್ಸ್ ಕೊಟ್ಟು ತಾಳೆ ನೋಡಿ ಹೊಂದಿಸಿದೆ. ಅದಕ್ಕೇ ಎರಡು ವಾರ. ಎರಡರ ನಡುವಿನ ಫೇಸ್ (ಅಲೆಗಳ ಹಿಂದು-ಮುಂದು) ಎಷ್ಟು ಅಂತ ಗೊತ್ತಿರಬೇಕಿಲ್ಲ, ಅಲುಗದಿದ್ದರೆ ಸಾಕು.

ಮೊದಲು ಹಿಡಿದಿದ್ದು ಫಾಸ್ಟ್‌ಐಸಿಎ, ಕಲಸಿದ ಸಿಗ್ನಲ್‌ಗಳನ್ನು ಅಂಕಿಅಂಶದ ಲೆಕ್ಕದಿಂದ ಬಿಡಿಸುವ ವಿಧಾನ. ಕೆಲವೊಮ್ಮೆ ಚಂದ, ಕೆಲವೊಮ್ಮೆ ಬರೀ ಗಂಜಿ. ತಿಂಗಳ ಮೇಲೆ ಹೊಳೆಯಿತು: ರೆಕಾರ್ಡಿಂಗ್‌ನಿಂದ ನಾನು ಕತ್ತರಿಸುವ ತುಂಡಿನಲ್ಲಿ ಪ್ಯಾಕೆಟ್ (ನೋಡ್ ಒಂದು ಸಲಕ್ಕೆ ಕಳಿಸುವ ಸಂದೇಶ) ಸುಮಾರು ಅರ್ಧ ಹೊತ್ತು ಮಾತ್ರ ಇದ್ದರೆ ಅದರ ಕರ್ಟೋಸಿಸ್, ಅಂದರೆ ಸಿಗ್ನಲ್ ಬರೀ ನಾಯ್ಸ್‌ಗಿಂತ ಎಷ್ಟು ಬೇರೆ ಅಂತ ಫಾಸ್ಟ್‌ಐಸಿಎ ನೋಡುವ ಅಳತೆ, ಸೊನ್ನೆಗೆ ಬಂದು ನಿಲ್ಲುತ್ತದೆ. ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಡಿಕ್ಕಿಯಾದ ಎರಡೂ ಪ್ಯಾಕೆಟ್ ಒಟ್ಟಿಗಿರುವ ಭಾಗವನ್ನಷ್ಟೇ ಕತ್ತರಿಸಬೇಕು. ಆ ಜಾಗ ಹೇಗೆ ಹುಡುಕುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ!

ಕೊನೆಗೆ ಕೈ ಹಿಡಿದಿದ್ದು ಹಳೇ ಕಾನ್‌ಸ್ಟಂಟ್ ಮಾಡ್ಯುಲಸ್, 1980ರ ದಶಕದ್ದು. ಅಲೆಯ ಎತ್ತರ ಒಂದೇ ಸಮ ಇರುವ ಸಿಗ್ನಲ್ಲನ್ನು ಹುಡುಕುವ ವಿಧಾನ ಅದು, ಹಾಗಾಗಿ ಎಫ್‌ಎಸ್‌ಕೆಗೆ ಹೇಳಿ ಮಾಡಿಸಿದ್ದು. ಆದರೆ ಎರಡು ಫಿಲ್ಟರ್ ಬಿಟ್ಟರೆ ಎರಡೂ ಜೋರಾದ ನೋಡನ್ನೇ ಹಿಡಿಯುತ್ತವೆ. ಹಾಗಾಗಿ ಒಂದನ್ನು ಹಿಡಿದು, ಕಳೆದು, ಆಮೇಲೆ ಇನ್ನೊಂದು. ಯಾವುದು ಯಾರದ್ದು ಅನ್ನೋದನ್ನು ಪ್ಯಾಕೆಟ್‌ನ ಐಡಿಯೇ ಹೇಳುತ್ತದೆ.

ನಡುವೆ ಹುಚ್ಚು ಹತ್ತಿ, ಜಗಲಿಯಲ್ಲಿ ಎರಡು ಮೈಕ್ ಇಟ್ಟು ಚಂಡೆ, ಮದ್ದಳೆ ಬಿಡಿಸಲು ನೋಡಿದೆ. ಆಗಲಿಲ್ಲ. ನಮ್ಮ ನೋಡ್‌ಗಳ ಸಿಗ್ನಲ್ ಹಿಡಿಯುವ ಫ್ರೀಕ್ವೆನ್ಸಿ ಪಟ್ಟಿ ಸಪೂರ, ಅದರಲ್ಲಿ ತಡ ಅಂದರೆ ಸ್ವಲ್ಪ ಫೇಸ್ ತಿರುಗಿದ ಹಾಗೆ ಅಷ್ಟೇ. ಶಬ್ದದಲ್ಲಿ ಹಾಗಲ್ಲ, ಗೋಡೆಯ ಪ್ರತಿಧ್ವನಿಯೂ ಸೇರುತ್ತದೆ.

ಈಗ ಇಬ್ಬರ ಡಿಕ್ಕಿಯಲ್ಲಿ ಹತ್ತಕ್ಕೆ ಏಳು ಪೂರ್ತಿ ಸಿಗುತ್ತವೆ. ಖರ್ಚು ಹದಿನಾಲ್ಕು ಸಾವಿರದ ಆಸುಪಾಸು, ಸುಟ್ಟಿದ್ದೂ ಸೇರಿ. ಮೂವರು ಕೂಡಿದರೆ ಬಿಟ್ಟುಬಿಡುತ್ತೇನೆ, ಆಂಟೆನಾ ಎರಡೇ ಅಲ್ವಾ? ಕೊಟ್ಟಿಗೆ ಪಕ್ಕದ ನೋಡ್ ಮಾತ್ರ ಇನ್ನೂ ಎಲ್ಲರ ಬಾಯಿ ಮುಚ್ಚಿಸುತ್ತದೆ. ಅದೊಂದರ ಎಂ-ಸೀಲ್ ಕೆತ್ತಲೇಬೇಕು.