ಶಾಲೆಯಲ್ಲಿ ಮಕ್ಕಳು ನೀರು ಕುಡಿಯಬೇಕು, ಹಣ್ಣು ತಿನ್ನಬೇಕು ಅಂದರೆ

ಪ್ರೈಮರಿ ಶಾಲೆಯ ಟೀಚರ್‌ಗಳಿಗೂ ಪೋಷಕರಿಗೂ ಒಂದು ಸಲಹೆ. ಗೋಡೆಗೆ ಪೋಸ್ಟರ್ ಅಂಟಿಸುವ ಮೊದಲು ಕುಡಿಯುವ ನೀರಿನ ಕಡೆ ನೋಡಿ. ನಲ್ಲಿ ಒಂದನೇ ಕ್ಲಾಸಿನ ಮಗುವಿನ ಕೈಗೆ ಎಟುಕುತ್ತದಾ? ಟಾಯ್ಲೆಟ್ ಪಕ್ಕದಲ್ಲೇ ಇದ್ದರೆ ಎಷ್ಟೋ ಮಕ್ಕಳು ಅತ್ತ ಸುಳಿಯುವುದೇ ಇಲ್ಲ. ಬಾಟಲಿ ಬ್ಯಾಗಿನೊಳಗಿದ್ದರೆ ಮರೆತೇ ಹೋಗುತ್ತದೆ, ಡೆಸ್ಕ್ ಮೇಲಿರಲಿ. ಪಾಠದ ಮಧ್ಯೆ ಒಂದು ಗುಟುಕು ಕುಡಿದರೆ ದಯವಿಟ್ಟು ಬೈಯಬೇಡಿ. ಟಾಯ್ಲೆಟ್‌ಗೆ ಹೋಗಲೂ ಬಿಡಿ. ಬಿಡುವುದಿಲ್ಲ ಅಂತ ಗೊತ್ತಾದರೆ ಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ.

ಕುಡಿಯಲು ನೀರು, ಹಾಲು ಸಾಕು. 330 ಮಿ.ಲೀ. ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಎಂಟೊಂಬತ್ತು ಟೀ ಚಮಚ! ಜ್ಯೂಸ್ ಕೂಡ ಹಣ್ಣಿಗೆ ಸಮ ಅಲ್ಲ.

6ರಿಂದ 9 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 350 ಗ್ರಾಂ ಹಣ್ಣು, ತರಕಾರಿ ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಆರೇಳು ವರ್ಷಕ್ಕೆ ಮುಂದಿನ ಹಲ್ಲು ಬಿದ್ದಿರುತ್ತವೆ ಅಲ್ವಾ, ಇಡೀ ಸೇಬು ಕಚ್ಚುವುದು ಹೇಗೆ? ತೆಳ್ಳಗೆ ಹೆಚ್ಚಿ ಕೊಡಿ. ಹೊಸ ತರಕಾರಿ ಬೇಡ ಅಂದರೆ ಸುಮ್ನೆ ಬಿಡಿ, ಇನ್ನೊಂದು ದಿನ ಮತ್ತೆ ಒಂದು ಚೂರು ಇಡಿ. ಹತ್ತು ಸಲ ಇಟ್ಟ ಮೇಲೆ ರುಚಿ ಹಿಡಿಯುವ ಮಕ್ಕಳೂ ಇದ್ದಾರೆ. ತರಕಾರಿ ಮುಗಿಸಿದರೆ ಚಾಕೊಲೇಟ್ ಅಂತ ಮಾತ್ರ ಆಸೆ ತೋರಿಸಬೇಡಿ. ಆಗ ಚಾಕೊಲೇಟಿನ ಆಸೆ ಇನ್ನೂ ಜಾಸ್ತಿ ಆಗುತ್ತದೆ.

ಟೈಮ್‌ಟೇಬಲ್ ನಿಮ್ಮ ಕೈಯಲ್ಲಿದ್ದರೆ ಆಟ ಮೊದಲು, ಊಟ ಆಮೇಲೆ ಇಡಿ. ಊಟದ ನಂತರ ಆಟ ಅಂದರೆ ಎಷ್ಟೋ ಮಕ್ಕಳು ಅರ್ಧ ಊಟ ಬಿಟ್ಟು ಓಡುತ್ತಾರೆ.