ಹಳೆಯ ಮ್ಯಾಗ್ನಮ್ ರಿವಾಲ್ವರಿನೊಳಗಿನ ಮಸಿಯ ಬಳೆ

ಟೆಕ್ಸಾಸಿಗೆ ಬಂದ ಮೇಲೆ ನಾನು ಅಕ್ಕರೆಯಿಂದ ಕೊಂಡ ಮೊದಲ ಹಳೆಯ ರಿವಾಲ್ವರ್ ಸ್ಮಿತ್ ಅಂಡ್ ವೆಸನ್ ಮಾಡೆಲ್ 27. 1935ರಲ್ಲಿ .357 ಮ್ಯಾಗ್ನಮ್ ಗುಂಡಿನೊಂದಿಗೇ ಹೊರಬಂದ ರಿವಾಲ್ವರಿಗೆ 1957ರಲ್ಲಿ ದೊರೆತ ಹೆಸರಿದು. ಕಡುನೀಲಿ ಹೊಳಪು ಮಾಸಿರಲಿಲ್ಲ. ಆದರೆ ಮ್ಯಾಗ್ನಮ್ ಕಾಡತೂಸುಗಳು ಸಿಲಿಂಡರಿನಲ್ಲಿ, ಅಂದರೆ ಕಾಡತೂಸು ತುಂಬುವ ಆರು ಕೋಣೆಗಳಿರುವ ತಿರುಗುವ ಉರುಳೆಯಲ್ಲಿ, ಕೊನೆಯವರೆಗೆ ಇಳಿಯದೆ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿದ್ದವು.

ಸಿಲಿಂಡರ್ ಖಾಲಿಯಿದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು, ಬೆಳಕಿಗೆ ಹಿಡಿದು ನೋಡಿದಾಗ ಆರೂ ಕೋಣೆಗಳೊಳಗೆ ಕಪ್ಪು ಬಳೆಯಂತಹ ಗೆರೆ ಕಂಡಿತು. ಇದೇ ರಿವಾಲ್ವರಿನಲ್ಲಿ ಹಾರಿಸಬಹುದಾದ .38 ಸ್ಪೆಷಲ್ ಕಾಡತೂಸಿನ ಹಿತ್ತಾಳೆ ಕವಚ ಸುಮಾರು 3.4 ಮಿಲಿಮೀಟರ್ ಗಿಡ್ಡ. ಅದನ್ನೇ ವರ್ಷಗಟ್ಟಲೆ ಬಳಸಿ, ಸರಿಯಾಗಿ ಶುಚಿಗೊಳಿಸದಿದ್ದರೆ ಕವಚದ ಬಾಯಿಯ ಮುಂದೆ ಮಸಿ, ಸೀಸ ಗಟ್ಟಿಗಟ್ಟಿ, ಉದ್ದದ ಮ್ಯಾಗ್ನಮ್ ಕವಚವನ್ನು ತಡೆಯುತ್ತದೆ.

ಮರಳು ಕಾಗದ ಮುಟ್ಟಲಿಲ್ಲ, ಏಕೆಂದರೆ ಸವೆದ ಉಕ್ಕು ಮರಳಿ ಬರುವುದಿಲ್ಲ. ಬಂದೂಕು ಶುಚಿಗೊಳಿಸುವ ದ್ರಾವಕದಲ್ಲಿ ಪ್ರತಿ ಕೋಣೆಯನ್ನೂ ಕಾಲು ಗಂಟೆ ನೆನೆಸಿ, ಕಂಚಿನ ಬ್ರಷ್ಷಿನಿಂದ ಹಿಂಬದಿಯಿಂದ ತಿರುಗಿಸುತ್ತಾ ಉಜ್ಜಿ, ಬಟ್ಟೆಯ ತುಂಡುಗಳಲ್ಲಿ ಒರೆಸಿದೆ. ಮೊದಲ ತುಂಡುಗಳು ಕಾಡಿಗೆಯಂತೆ ಹೊರಬಂದವು. ಮೂರನೆಯ ಸುತ್ತಿಗೆ ಗೆರೆ ಅಳಿಯಿತು, ಕಾಡತೂಸುಗಳು ತಮ್ಮ ಭಾರಕ್ಕೇ ಜಾರಿ ಕುಳಿತವು. ಈಗ .38 ಹಾರಿಸಿದ ದಿನವೇ ಬ್ರಷ್ ಹಾಕುತ್ತೇನೆ.